ಹೇಳದೇ ಮ್ಯೂಟ್ ಮಾಡಿದ 11 ಗಿಟಾರ್

ನಾನು ಮಿಕ್ಸಿಂಗ್ ಇಂಜಿನಿಯರ್. ಬೇರೆಯವರು ಹಾಡಿದ್ದನ್ನು, ನುಡಿಸಿದ್ದನ್ನು ಒಂದಕ್ಕೊಂದು ಹೊಂದಿಸಿ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಬ್ಬ ರಾಕ್ ಗಿಟಾರಿಸ್ಟ್ ಅವರ ಸೋಲೋ ಆಲ್ಬಂ ಕೈಗೆ ಬಂತು. ದೊಡ್ಡ ಬ್ಯಾಂಡ್ ಬಿಟ್ಟು ಬಂದವರು, ಹೆಸರು ಬೇಡ. ಮೊದಲ ಹಾಡಿನ ಸೆಷನ್, ಅಂದರೆ ರೆಕಾರ್ಡಿಂಗ್ ಇರುವ ಕಂಪ್ಯೂಟರ್ ಫೈಲ್, ತೆರೆದೆ. ಬೇರೆಬೇರೆಯಾಗಿ ರೆಕಾರ್ಡ್ ಮಾಡಿದ ಪದರಗಳು, ಅಂದರೆ ಟ್ರ್ಯಾಕ್, ಒಟ್ಟು 64. ಅದರಲ್ಲಿ 31 ಗಿಟಾರ್. ಒಂದೇ ಹಾಡಿಗೆ!

ಬ್ಯಾಂಡಿನಲ್ಲಿದ್ದಾಗ ಇವರು ನುಡಿಸಿದ್ದನ್ನು ಕೇಳಿದರೆ ಹಾಡಿಗೆ ಎರಡೋ ಮೂರೋ ಗಿಟಾರ್, ಅಷ್ಟೇ. ಜಾಸ್ತಿ ಹಾಕಲು ಜಾಗವೇ ಇರಲಿಲ್ಲ. ಕೀಬೋರ್ಡಿನವನಿಗೂ ಜಾಗ ಬೇಕು, ಹಾಡುವವನು ನನ್ನ ದನಿ ಕೇಳ್ತಿಲ್ಲ ಅಂತ ಮುಖ ಊದಿಸಿಕೊಳ್ಳುತ್ತಾನೆ, ಡ್ರಮ್ಮರ್ "ಸಾಕು ಮಾರಾಯಾ" ಅನ್ನುತ್ತಾನೆ. ಆ ದಿನನಿತ್ಯದ ಜಗಳ ಬೇಸರವಾಗಿಯೇ ಇವರು ಹೊರಗೆ ಬಂದದ್ದು. ಇವರ ಗಿಟಾರಿಗೆ ಆ ಖದರ್ ಬಂದದ್ದೂ ಅದೇ ಜಗಳದಿಂದ ಅಂತ ನನ್ನ ಅನಿಸಿಕೆ.

ಗಿಟಾರ್ ಮೇಲೆ ಗಿಟಾರ್ ಹಾಕಿದರೆ ಹಾಡು ದೊಡ್ಡದಾಗುತ್ತದೆ ಅಂದುಕೊಳ್ಳುತ್ತೇವೆ. ಒಂದು ಮಟ್ಟದವರೆಗೆ ನಿಜ. ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟರೆ ಹಾಡು ಅಗಲವಾಗುತ್ತದೆ. ಆಮೇಲೆ ಸೇರಿಸಿದ್ದೆಲ್ಲ ಮಂದ್ರಕ್ಕಿಂತ ತುಸು ಮೇಲೆ, 200ರಿಂದ 500 ಹರ್ಟ್ಸ್ ನಡುವೆ ಹೋಗಿ ರಾಶಿ ಬೀಳುತ್ತದೆ. ದನಿಯ ತೂಕ, ಸ್ನೇರ್ ಡ್ರಮ್ಮಿನ ಮೈ ಇರುವುದೂ ಅಲ್ಲೇ. ಗಿಟಾರಿನ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಇದ್ದರಂತೂ ಮುಗಿಯಿತು, ತಂತಿ ಮೀಟಿದ ಮೊನೆಯನ್ನು ಅದು ಆಗಲೇ ಸವೆಸಿರುತ್ತದೆ, ಅಂಥವು ಹತ್ತು ಸೇರಿದರೆ ಬರೀ ಗುಂಯ್.

ನಾದದ ಯಾವ ಭಾಗ ಏರಬೇಕು, ಯಾವುದು ಇಳಿಯಬೇಕು ಅಂತ ಹೊಂದಿಸುವ ಈಕ್ಯೂ ಹಿಡಿದು ಎರಡು ದಿನ ಒದ್ದಾಡಿದೆ. ಮೂರನೇ ರಾತ್ರಿ ತಲೆಕೆಟ್ಟು 11 ಗಿಟಾರ್ ಮ್ಯೂಟ್ ಮಾಡಿದೆ. ಡ್ರಮ್ಸ್ ಎದ್ದು ನಿಂತಿತು, ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಿತು. ಸುಮ್ನೆ ಫೈಲ್ ಕಳಿಸಿದೆ. "ಈಗ ಸರಿಯಾಯ್ತು ನೋಡಿ, ಏನು ಮಾಡಿದ್ರಿ?" ಅಂದರು. "ಸ್ವಲ್ಪ ಈಕ್ಯೂ ಸರ್" ಅಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. "ಎರಡನೇ ಕೋರಸ್‌ನಲ್ಲಿ ನನ್ನ ಹನ್ನೆರಡು ತಂತಿ ಗಿಟಾರ್ ಎಲ್ಲಿ?"

ಹೇಳಿದೆ. ಬೇರೆ ದಾರಿ ಏನಿತ್ತು? ಅವರು ಕೂಗಾಡಲಿಲ್ಲ. "ಇದಕ್ಕೇ ಅಲ್ವಾ ನಾನು ಅಲ್ಲಿಂದ ಎದ್ದು ಬಂದಿದ್ದು. ನನಗೆ ಹೇಳದೇ ನನ್ನದನ್ನ ತೆಗೀತಿದ್ರು" ಅಂದು ಫೋನ್ ಇಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ, ಬ್ಯಾಂಡ್ ಬಿಟ್ಟವರ ಇಂಥ ಆಲ್ಬಂಗಳನ್ನೇ ಹಾಕಿಕೊಂಡು ಕೂತೆ. ಗಿಟಾರಿಸ್ಟ್ ಲಿಂಡ್ಸೆ ಬಕಿಂಗ್‌ಹ್ಯಾಮ್ 1987ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡ್ ಬಿಟ್ಟರು, ಅವರ ಸೋಲೋ ಆಲ್ಬಂ 'ಔಟ್ ಆಫ್ ದಿ ಕ್ರೇಡಲ್' ಬಂದದ್ದು 1992ರಲ್ಲಿ. ಗಿಟಾರ್ ಪೇರಿಸುವುದರಲ್ಲಿ ಅವರದು ದೊಡ್ಡ ಕೈ. ಆದರೆ ಪಕ್ಕದಲ್ಲಿ ರಿಚರ್ಡ್ ಡ್ಯಾಶಟ್ ಇದ್ದರು, ಬ್ಯಾಂಡಿನ 1977ರ 'ರೂಮರ್ಸ್' ಆಲ್ಬಂ ಮಾಡಿದವರಲ್ಲಿ ಒಬ್ಬರು. ಇಝಿ ಸ್ಟ್ರಾಡ್ಲಿನ್ 1991ರ ಕೊನೆಗೆ ಗನ್ಸ್ ಎನ್ ರೋಸಸ್ ಬ್ಯಾಂಡ್ ಬಿಟ್ಟು ಮರುವರ್ಷವೇ ತಮ್ಮ ಹೆಸರಲ್ಲಿ ಆಲ್ಬಂ ತಂದರು, ಅದರಲ್ಲೂ ರಿಕ್ ರಿಚರ್ಡ್ಸ್ ಅನ್ನುವ ಇನ್ನೊಬ್ಬ ಗಿಟಾರಿಸ್ಟ್ ಜೊತೆಗಿದ್ದರು. ಬ್ಯಾಂಡ್ ಬಿಟ್ಟರೂ ಕೋಣೆಯಲ್ಲಿ ಇನ್ನೊಂದು ಜೊತೆ ಕಿವಿ ಇತ್ತು. ನಮ್ಮ ಗಿಟಾರಿಸ್ಟ್ ಎಲ್ಲವನ್ನೂ ಒಬ್ಬರೇ ಕೂತು ರೆಕಾರ್ಡ್ ಮಾಡಿದ್ದರು. ಆ ಇನ್ನೊಂದು ಕಿವಿ ನಾನೇ ಆಗಬೇಕಿತ್ತು. ಮೊದಲ ದಿನ 31 ಕಂಡ ಕೂಡಲೇ "ಸರ್, ಇದು ಜಾಸ್ತಿಯಾಯ್ತು" ಅಂತ ಬಾಯಿಬಿಟ್ಟು ಹೇಳಿದ್ದರೆ ಒಂದು ಗಂಟೆ ಜಗಳವಾಗುತ್ತಿತ್ತು, ಅಷ್ಟೇ. ದೊಡ್ಡ ಹೆಸರಿಗೆ ಹೆದರಿ ಹೇಳಲಿಲ್ಲ, ಆಮೇಲೆ ಕದ್ದು ಮಾಡಿದೆ.

ಮಾರನೇ ದಿನ ನಾನೇ ಫೋನ್ ಮಾಡಿ ಕರೆದೆ. ಬಂದರು, ಮುಖ ಬಿಗಿದುಕೊಂಡೇ. ದನಿ, ಡ್ರಮ್ಸ್, ಬೇಸ್ ಮಾತ್ರ ಬಿಟ್ಟು 31 ಗಿಟಾರನ್ನೂ ಮ್ಯೂಟ್ ಮಾಡಿ ಮೌಸ್ ಅವರ ಕೈಗೆ ಕೊಟ್ಟೆ. ಒಂದೊಂದೇ ತೆರೆಯುತ್ತಾ ಬಂದರು. ಕೆಲವನ್ನು ತೆರೆದು, ನಕ್ಕು, ತಾವೇ ಮುಚ್ಚಿದರು. ಕೊನೆಗೆ 14 ಮುಚ್ಚೇ ಉಳಿದವು, ನಾನು ತೆಗೆದದ್ದಕ್ಕಿಂತ ಮೂರು ಜಾಸ್ತಿ.

ಹನ್ನೆರಡು ತಂತಿಯದು ಮಾತ್ರ ತೆರೆದೇ ಉಳಿಯಿತು. ಅದನ್ನು ನಾನು ಸೋಲೋ ಬಟನ್ ಒತ್ತಿ ಒಂಟಿಯಾಗಿ ಕೇಳಿ, ತೆಳು ಅಂತ ತೆಗೆದಿದ್ದೆ. ಎರಡನೇ ಕೋರಸ್‌ನಲ್ಲಿ ದನಿ ಮೇಲಕ್ಕೆ ಏರುವಾಗ ಅದರ ಪಕ್ಕ ಮಿನುಗುತ್ತಿದ್ದದ್ದು ಅದೊಂದೇ.

ಉಳಿದ ಹಾಡುಗಳಿಗೆ, ಏನೇನು ಮ್ಯೂಟ್ ಮಾಡಿದ್ದೇನೆ ಅಂತ ಟ್ರ್ಯಾಕಿನ ಹೆಸರು ಸಮೇತ ಬರೆದು ಫೈಲ್ ಜೊತೆಗೇ ಕಳಿಸಿದೆ. ಈಗ ಎಲ್ಲರಿಗೂ ಹಾಗೇ ಕಳಿಸುತ್ತೇನೆ. ಅವರ ಆರನೇ ಹಾಡಿಗೆ ಬಂದ ಉತ್ತರ ಇನ್ನೂ ಫೋನಿನಲ್ಲಿದೆ. "ನಾಲ್ಕನೇದು ಯಾಕೆ ಬಿಟ್ರಿ? ಅದನ್ನೂ ತೆಗೀರಿ."