ದುಃಖದ ಹಾಡು ಯಾಕೆ ಅಷ್ಟು ನಾಟುತ್ತೆ?

ಸುಗಮ ಸಂಗೀತ ಕಲಿಯಲು ಬರುವವರು, ಗಾಯನ ಸಮಾಜದಲ್ಲಿ ಕಛೇರಿ ಕೇಳಿ ಹೊರಬಂದವರು, ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಹಾಡುವ ಹುಡುಗರು, ಎಲ್ಲರೂ ಕೇಳುವುದು ಇದನ್ನೇ. ಕಣ್ಣಲ್ಲಿ ನೀರು ತರಿಸುವ ಹಾಡನ್ನು ಜನ ಮತ್ತೆ ಮತ್ತೆ ಯಾಕೆ ಕೇಳ್ತಾರೆ?

ಹಾರ್ಮೋನಿಯಂ ಇದ್ದರೆ ಅದರಲ್ಲೇ ನೋಡಿ, ಫೋನಿನ ಕೀಬೋರ್ಡ್ ಆ್ಯಪ್ ಆದರೂ ಸಾಕು. ಸಪ್ತಕದ ಮೊದಲ ಬಿಳಿ ಮನೆ, ಅಂದರೆ ಎರಡು ಕಪ್ಪು ಮನೆಗಳ ಜೋಡಿಯ ಎಡಕ್ಕಿರುವ ಕೀ, ಷಡ್ಜ (ಸ) ಆಗಲಿ. 1, 2, 3, 5, 6ನೇ ಬಿಳಿ ಮನೆ ನುಡಿಸಿದರೆ ಮೋಹನ ರಾಗ. ಈಗ 3ನೇ ಬಿಳಿ ಮನೆ ಬಿಟ್ಟು ಅದರ ಎಡಗಡೆಯ ಕಪ್ಪು ಮನೆ ಒತ್ತಿ, ಉಳಿದ ನಾಲ್ಕು ಹಾಗೇ ಇರಲಿ. ಅದು ಶಿವರಂಜನಿ ರಾಗ. ಅಂತರ ಗಾಂಧಾರ (ಮೇಲಿನ ಗ) ಹೋಗಿ ಸಾಧಾರಣ ಗಾಂಧಾರ (ಕೆಳಗಿನ ಗ) ಬಂತು, ಬದಲಾದದ್ದು ಅಷ್ಟೇ. ಹಬ್ಬದ ಮನೆಯಲ್ಲಿ ಯಾರೋ ದೀಪ ಸಣ್ಣ ಮಾಡಿದಂತಾಗುತ್ತದೆ.

ಷಡ್ಜದಿಂದ ಈ ಗಾಂಧಾರಕ್ಕೆ ಮೂರು ಅರ್ಧಸ್ವರಗಳ ದೂರ, ಅಂದರೆ ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಮೂರು ಮನೆ. ಸಂಶೋಧಕರಾದ ಮೀಗನ್ ಕರ್ಟಿಸ್ ಮತ್ತು ಜಮ್‌ಷೆಡ್ ಭರೂಚಾ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡುವ ನಟರು ಪುಟ್ಟ ಪುಟ್ಟ ಮಾತುಗಳನ್ನು ದುಃಖದಿಂದ ಹೇಳಿದಾಗ ದನಿ ಇಳಿದದ್ದೂ ಹೆಚ್ಚುಕಡಿಮೆ ಇಷ್ಟೇ ದೂರ. ಕನ್ನಡದಲ್ಲಿ ನೀವೇ 'ಹೋಗ್ಲಿ ಬಿಡು' ಅಂತ ಒಮ್ಮೆ ಖುಷಿಯಲ್ಲಿ, ಒಮ್ಮೆ ಬೇಸರದಲ್ಲಿ ಹೇಳಿ ನೋಡಿ. ಬೇಸರದಲ್ಲಿ ದನಿ ನಿಧಾನವಾಗಿ ಕೆಳಗಿಳಿಯುತ್ತದೆ, ಏರಿಳಿತ ಕಡಿಮೆಯಾಗುತ್ತದೆ. ಹಾಡು ಆ ದನಿಯನ್ನೇ ಹಿಡಿಯುವುದು.

ಹಾಗಂತ ರಾಗದ ಮೇಲೇ ಎಲ್ಲ ಹೊರಿಸಬೇಡಿ. ಮುಖಾರಿ ರಾಗ ಅಂದರೆ ಅಳು ಅಂತ ಬಹಳ ಜನ ನಂಬಿದ್ದಾರೆ. ತ್ಯಾಗರಾಜರ 'ಏಲಾವತಾರ' ಕೃತಿ ಮುಖಾರಿಯಲ್ಲೇ ಇದೆ, ಅಲ್ಲಿ ಅಳುವವರು ಯಾರೂ ಇಲ್ಲ. ಈ ಅವತಾರ ಯಾಕೆ ಎತ್ತಿದೆ ರಾಮ ಅನ್ನುವ ಸಲುಗೆಯ ಪ್ರಶ್ನೆ ಅದು. ಸಿನಿಮಾದವರು ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಮೊದಲರ್ಧದ ಖುಷಿಯ ಟ್ಯೂನನ್ನೇ ಕೊನೆಗೆ ಪ್ಯಾಥೋಸ್ (ದುಃಖದ ಆವೃತ್ತಿ) ಮಾಡುತ್ತಾರೆ: ನಡೆ, ಅಂದರೆ ತಾಳದ ವೇಗ, ನಿಮಿಷಕ್ಕೆ 110 ಎಣಿಕೆ ಇದ್ದದ್ದು 60ಕ್ಕೆ ಇಳಿಯುತ್ತದೆ, ಡೋಲಕ್ ಹೋಗಿ ಕೊಳಲೋ ಪಿಟೀಲೋ ಉಳಿಯುತ್ತದೆ. ಸ್ವರ ಒಂದೂ ಬದಲಾಗಿರುವುದಿಲ್ಲ.

ಇಲ್ಲೇ ಹಾಡುವವರು ಎಡವುವುದು. ನಿಮಿಷಕ್ಕೆ 60 ಎಣಿಕೆಯಲ್ಲಿ ಎಂಟು ಎಣಿಕೆಯ ಸಾಲಿಗೆ 8 ಸೆಕೆಂಡ್ ಉಸಿರು ಬೇಕು. 50ಕ್ಕೆ ಇಳಿಸಿದರೆ 9.6 ಸೆಕೆಂಡ್. ಅಭ್ಯಾಸ ಸಾಲದವರಿಗೆ ಉಸಿರು ಸಾಲಿನ ಮಧ್ಯೆಯೇ ಮುಗಿದು ಪದ ಎರಡು ತುಂಡಾಗುತ್ತದೆ. ಅದನ್ನು ಮುಚ್ಚಲು ಮಿಕ್ಸರಿನಲ್ಲಿ ಎಕೋ ಏರಿಸುತ್ತಾರೆ, ಆಗ ಸಾಹಿತ್ಯವೇ ಕಲಸಿಹೋಗುತ್ತದೆ. ಶ್ರುತಿಯನ್ನು ಒಂದು ಅರ್ಧಸ್ವರ ಇಳಿಸಿ, ಎಕೋ ತಗ್ಗಿಸಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪುಸ್ತಕದಲ್ಲೇ ಗುರುತು ಹಾಕಿಕೊಳ್ಳಿ. ಇನ್ನು, ದಯವಿಟ್ಟು ನೀವು ಅಳಬೇಡಿ. ಗಂಟಲು ಬಿಗಿದರೆ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ಕೇಳುವವರ ಗಮನ ಹಾಡು ಬಿಟ್ಟು ನಿಮ್ಮ ಮೇಲೆ ಬರುತ್ತದೆ.

ಮತ್ತೆ ಮತ್ತೆ ಕೇಳುವುದು ಯಾಕೆ? ನಮ್ಮ ಅಲಂಕಾರ ಶಾಸ್ತ್ರ ಶೋಕ ಬೇರೆ, ಕರುಣ ಬೇರೆ ಅನ್ನುತ್ತದೆ. ಶೋಕ ಸ್ಥಾಯಿಭಾವ (ಮನಸ್ಸಿನ ಮೂಲ ಭಾವ), ಕರುಣ ರಸ (ಕಲೆಯಲ್ಲಿ ಆ ಭಾವದ ಸವಿ). ಶೋಕದಲ್ಲಿ ಕಳೆದುಕೊಂಡವರು ನಾವು. ಕರುಣದಲ್ಲಿ ಕಳೆದುಕೊಳ್ಳದೆಯೇ ಆ ನೋವಿನ ಹತ್ತಿರ ಕೂರಬಹುದು. 2014ರಲ್ಲಿ ಪ್ರಕಟವಾದ 772 ಕೇಳುಗರ ಸಮೀಕ್ಷೆಯೊಂದರಲ್ಲೂ, ದುಃಖದ ಸಂಗೀತ ಎಬ್ಬಿಸುವ ಭಾವಗಳಲ್ಲಿ ಹೆಚ್ಚಿನವರು ಹೇಳಿದ್ದು ಹಳೆಯ ದಿನಗಳ ಹಂಬಲವನ್ನು. ಆದರೆ ಕೇಳಿದಷ್ಟೂ ಅದೇ ಕೊರಗು ಸುತ್ತುತ್ತಿದ್ದರೆ ಹಾಡು ನಿಲ್ಲಿಸಿ, ಯಾರ ಜೊತೆಯಾದರೂ ಮಾತಾಡಿ.

ಅತಿ ದುಃಖದ ಹಾಡು ಯಾವುದು ಅಂದರೆ ನನ್ನ ಉತ್ತರ ಜನಪದದ 'ಕೆರೆಗೆ ಹಾರ'. ಕೆರೆಯಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡುವ ಕಥೆ. ಅವಳು ತವರಿಗೆ ಹೋಗುತ್ತಾಳೆ, ಅಪ್ಪ ಯಾಕೆ ಕಣ್ಣೀರು ಅಂತ ಕೇಳುತ್ತಾನೆ. ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ ಸುಳ್ಳು ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡ್ತೀನಿ ಅನ್ನುತ್ತಾನೆ ಆ ಪಾಪದ ಅಪ್ಪ. ಕೇಳುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಎದೆ ಹಿಂಡುವುದು ಅದೇ. ಕೊನೆಯಲ್ಲಿ ಒಂದೊಂದು ಮೆಟ್ಟಿಲಿಗೂ ನೀರು ಪಾದದಿಂದ ಮೇಲೇರುತ್ತಾ ಬರುತ್ತದೆ, ಧಾಟಿ ಮಾತ್ರ ಅದೇ. ವೇದಿಕೆಯಲ್ಲಿ ಹಾಡುವವರು ಈ ಭಾಗದಲ್ಲಿ ನಡೆ ಎಳೆದು ಪಿಟೀಲು ತುಂಬಿಸಿ ಕೆಡಿಸುತ್ತಾರೆ. ಮೊದಲ ಮೆಟ್ಟಿಲನ್ನು ಹಾಡಿದಷ್ಟೇ ದನಿಯಲ್ಲಿ, ಅಷ್ಟೇ ನಡೆಯಲ್ಲಿ ಐದನೆಯದನ್ನೂ ಹಾಡಿ. ಆಮೇಲೆ ಒಂದು ಸಾಲಿನಷ್ಟು ಹೊತ್ತು ಶ್ರುತಿಪೆಟ್ಟಿಗೆಯ ನಾದ ಮಾತ್ರ ಇರಲಿ, ಅಲ್ಲಿಂದ ದಂಡಿನಲ್ಲಿ ಮಲಗಿರುವ ಗಂಡ ಮಾದೇವರಾಯನ ಕನಸಿಗೆ ಹೋಗಿ.