ಮೇಷ್ಟ್ರು ಮನೆ ಬಾಗಿಲಿಗೆ ಬಂದ ವರ್ಷ

ನಮ್ಮನ್ನು ಇಂದಿಗೂ ‘ಕೊರೊನಾ ಬ್ಯಾಚ್’ ಎಂದೇ ಕರೆಯುತ್ತಾರೆ. 2021ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ಎಂದ ಕೂಡಲೇ ಎದುರಿನವರ ಮುಖದಲ್ಲಿ ಒಂದು ನಗು ಮೂಡುತ್ತದೆ. ಓದದೆ ಪಾಸಾದವರು, ಸರ್ಕಾರವೇ ಕೈಹಿಡಿದು ದಾಟಿಸಿದವರು ಎಂಬ ನಗು ಅದು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಕಾಲೇಜು ಪ್ರವೇಶದ ಸಾಲಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗಣಿತದ ಮೇಷ್ಟ್ರ ಬಗ್ಗೆ ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡು ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದೇ. ಆ ನಗುವಿಗೆ ಉತ್ತರ ಕೊಡಲು ಮೇಷ್ಟ್ರು ಈಗ ಇಲ್ಲ. ಕಳೆದ ಆಷಾಢದಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ ತೋಟದಲ್ಲಿ ಮನೆ ಕಟ್ಟಿಕೊಳ್ಳಬೇಕೆಂದು ಆಸೆಪಟ್ಟಿದ್ದರು, ಅದೂ ಆಗಲಿಲ್ಲ. ಉತ್ತರವನ್ನು ನಾವೇ ಕೊಡಬೇಕು.

2020ರ ಮಾರ್ಚಿನಲ್ಲಿ ಶಾಲೆಗೆ ಬೀಗ ಬಿದ್ದಾಗ ನಾವು ಒಂಬತ್ತರಲ್ಲಿದ್ದೆವು. ವಾರ್ಷಿಕ ಪರೀಕ್ಷೆ ಬರೆಯದೆಯೇ ಹತ್ತಕ್ಕೆ ಬಂದೆವು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಪಾಠಗಳು ಚೆನ್ನಾಗಿಯೇ ಇದ್ದವು. ಆದರೆ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಟಿವಿ ಮುಂದೆ ಕೂರುವ ಬಿಡುವು ಯಾರಿಗಿದೆ? ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಡೈರಿಗೆ ಹಾಲು ಹಾಕಬೇಕು, ಅರ್ಥವಾಗದ್ದನ್ನು ಕೇಳೋಣವೆಂದರೆ ಟಿವಿ ಉತ್ತರ ಹೇಳುವುದಿಲ್ಲ. ಸ್ಮಾರ್ಟ್‌ಫೋನ್ ಇದ್ದ ಮನೆಗಳು ಕಡಿಮೆ. ಇದ್ದಲ್ಲಿಯೂ ಅದು ಅಣ್ಣನ ಜೇಬಿನಲ್ಲಿರುತ್ತಿತ್ತು. ಸಾದಲಿ ಕಡೆಯ ಗುಡ್ಡದ ಬದಿಯ ಊರುಗಳಿಂದ ಬರುತ್ತಿದ್ದ ಗೆಳತಿಯರಿಗೆ ನೆಟ್‌ವರ್ಕ್ ಬೇಕೆಂದರೆ ಬಂಡೆ ಹತ್ತಬೇಕಿತ್ತು.

ಮೇಷ್ಟ್ರು ಮಾಡಿದ ಮೊದಲ ಕೆಲಸ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಂಡದ್ದು. ಅದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಪುಟ. ಮನೆಯಲ್ಲಿ ಯಾರ ಬಳಿ ಫೋನಿದೆ, ಅವರು ಹೊಲದಿಂದ ಎಷ್ಟು ಹೊತ್ತಿಗೆ ಬರುತ್ತಾರೆ, ಹುಳು ಎಷ್ಟನೆಯ ಜ್ವರದಲ್ಲಿದೆ (ಪೊರೆ ಕಳಚಲು ಹುಳು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ), ಹಸು ಕರು ಹಾಕಿದೆಯೇ, ಅಜ್ಜನಿಗೆ ಆರೋಗ್ಯ ಹೇಗಿದೆ, ಎಲ್ಲವೂ ಅದರಲ್ಲಿ. ಹುಳು ಕೊನೆಯ ಜ್ವರ ಎದ್ದಿದೆಯೆಂದು ತಿಳಿದ ಮನೆಗೆ ಅವರು ಆ ವಾರ ಕರೆ ಮಾಡುತ್ತಿರಲಿಲ್ಲ. ಹಗಲಿರುಳು ಸೊಪ್ಪು ಹಾಕುವ ಆ ಮನೆಯ ಮಕ್ಕಳಿಗೆ ನಿದ್ದೆಯೇ ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಉಳಿದವರಿಗೆ ಸಂಜೆ ಕಾನ್ಫರೆನ್ಸ್ ಕರೆ. ಬಟನ್ ಒತ್ತುವ ಸಾಧಾರಣ ಫೋನಿನಲ್ಲೇ ನಾಲ್ಕೈದು ಮನೆಗಳನ್ನು ಒಟ್ಟಿಗೆ ಸೇರಿಸಿ, ಪುಸ್ತಕದ ಪುಟ ಹೇಳಿ, ಲೆಕ್ಕ ಶುರು ಮಾಡುತ್ತಿದ್ದರು. ಚಿತ್ರವಿಲ್ಲದೆ ರೇಖಾಗಣಿತ ಹೇಳಿಕೊಡುವುದು ಎಂಥ ಕಷ್ಟ ಎಂದು ಈಗ ಅರ್ಥವಾಗುತ್ತದೆ. “ಎ ಬಿಂದು ನಿನ್ನ ಎಡಗೈ ಕಡೆ ಇದೆಯೇ? ಈಗ ಅಲ್ಲಿಂದ ಕೆಳಗೆ ಗೆರೆ ಎಳೆ” ಎನ್ನುತ್ತಿದ್ದರು. ಎಳೆದ ಸದ್ದು ಕೇಳಿಸುವವರೆಗೆ ಮುಂದೆ ಹೋಗುತ್ತಿರಲಿಲ್ಲ.

ಕನ್ನಡದ ಮೇಡಂ ಹಾದಿ ಬೇರೆ. ಎಲ್ಲ ಮುಚ್ಚಿದ್ದರೂ ಹಾಲಿನ ಡೈರಿ ಮುಚ್ಚಿರಲಿಲ್ಲ. ಬೆಳಿಗ್ಗೆ, ಸಂಜೆ ನಾವು ಹೇಗೂ ಕ್ಯಾನು ಹಿಡಿದು ಅಲ್ಲಿಗೆ ಹೋಗಲೇಬೇಕು. ಬರೆದ ನೋಟ್‌ಬುಕ್ಕನ್ನು ಡೈರಿಯ ಕಾರ್ಯದರ್ಶಿಗಳ ಬಳಿ ಇಡುತ್ತಿದ್ದೆವು, ಮೇಷ್ಟ್ರು ತಮ್ಮ ಮೊಪೆಡ್‌ನಲ್ಲಿ ಬಂದು ಒಯ್ಯುತ್ತಿದ್ದರು, ಮೇಡಂ ಕೆಂಪು ಶಾಯಿಯಲ್ಲಿ ತಿದ್ದಿ ಕಳುಹಿಸುತ್ತಿದ್ದರು. ತಪ್ಪು ತಿದ್ದುವುದಷ್ಟೇ ಅಲ್ಲ, ಕೊನೆಯಲ್ಲಿ ಒಂದೆರಡು ಸಾಲು ಪತ್ರವೂ ಇರುತ್ತಿತ್ತು. ಜೊತೆಗೆ, ಬೇರೆ ಊರಿನ ಒಬ್ಬಳು ಬರೆದ ಪ್ರಬಂಧವನ್ನು ನನ್ನ ನೋಟ್‌ಬುಕ್ಕಿನಲ್ಲಿಟ್ಟು “ಓದಿ, ಉತ್ತರ ಬರೆ” ಎಂದು ಕಳುಹಿಸುವರು. ಶಾಲೆಯಲ್ಲಿದ್ದಾಗ ನಾನು ಮಾತೇ ಆಡದ ಹುಡುಗಿಯ ತಂದೆ ಬೆಂಗಳೂರಿನ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಸಂಗತಿ ನನಗೆ ತಿಳಿದದ್ದು ಹಾಗೆ. ಇಂದು ಅವಳು ನನ್ನ ಅತ್ಯಂತ ಆಪ್ತ ಗೆಳತಿ.

ಇನ್ನು ಮಳೆಯ ಪ್ರಸಂಗ. ಇದನ್ನು ಬರೆಯದಿದ್ದರೆ ನಮ್ಮ ಬ್ಯಾಚಿನ ಹುಡುಗರು ನನ್ನನ್ನು ಬಿಡುವುದಿಲ್ಲ.

ಕೊನೆಯ ಜ್ವರ ಎದ್ದ ಹುಳುಗಳಿಗೆ ಹೊಸ ಸೊಪ್ಪು ಹಾಕಿದ ಕೂಡಲೇ ಹುಳುಮನೆಯ ತುಂಬ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು ಏಳುತ್ತದೆ. ಸಾವಿರಾರು ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು ಅದು. ನನ್ನ ಚಿಕ್ಕಪ್ಪನ ಮಗ, ಅವನೂ ನನ್ನದೇ ತರಗತಿ, ಒಂದು ಸಂಜೆ ಕರೆ ಬಂದಾಗ ಫೋನನ್ನು ಹುಳುವಿನ ಅಟ್ಟಣೆಯ ಮೇಲಿಟ್ಟು “ಸರ್, ಜೋರು ಮಳೆ, ಏನೂ ಕೇಳಿಸುತ್ತಿಲ್ಲ” ಎಂದು ಕೂಗಿದ. ಮೇಷ್ಟ್ರು ಕಿವಿಗೊಟ್ಟು ಕೇಳಿ, “ಒಳ್ಳೆಯದಾಯಿತು, ಕೆರೆಗೆ ನೀರು ಬರಲಿ” ಎಂದು ಸಂತೋಷದಿಂದ ಕರೆ ಮುಗಿಸಿದರು. ಮರುದಿನ ಪಕ್ಕದ ಊರಿನಲ್ಲೂ ಮಳೆ, ಅದರ ಮರುದಿನ ಅದರಾಚೆಯ ಊರಿನಲ್ಲೂ ಮಳೆ. ವಾರದ ಕೊನೆಗೆ ನೋಟ್‌ಬುಕ್ ಒಯ್ಯಲು ಬಂದವರು ದೂಳೆದ್ದ ರಸ್ತೆಯನ್ನು ನೋಡಿ, ಈ ವಾರ ಎಷ್ಟು ಮಳೆ ಬಂತು ಎಂದು ಡೈರಿಯಲ್ಲಿ ವಿಚಾರಿಸಿದರಂತೆ. ನೇರವಾಗಿ ನಮ್ಮ ಮನೆಯ ಮುಂದೆ ಮೊಪೆಡ್ ನಿಲ್ಲಿಸಿದರು. “ಎಲ್ಲಪ್ಪ ನಿಮ್ಮ ಮಳೆ? ನಾನೂ ನೋಡಬೇಕು” ಎಂದರು.

ಹುಳುಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಹಾಲುತೊಂಡೆ, ಸಪ್ಪೆರೋಗದಂಥ ಹುಳುವಿನ ಕಾಯಿಲೆ ಯಾವ ಕಾಲಿನಿಂದ ಬರುತ್ತದೋ ಯಾರು ಬಲ್ಲರು? ಕೈ ತೊಳೆಯಿರಿ, ದೂರವಿರಿ ಎಂದು ದೇಶಕ್ಕೆಲ್ಲ ಆ ವರ್ಷ ಹೇಳಿಕೊಟ್ಟದ್ದನ್ನು ನಮ್ಮ ಅಜ್ಜಿ ಹುಳುವಿಗಾಗಿ ಬದುಕಿಡೀ ಮಾಡಿಕೊಂಡು ಬಂದಿದ್ದರು. ಮೇಷ್ಟ್ರು ಅದನ್ನು ಅರಿತವರು. ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು, ಬಾಗಿಲಿನ ಸುಣ್ಣದ ಪುಡಿ ತುಳಿದು, ತೆಲುಗಿನಲ್ಲಿ ಅಜ್ಜಿಯ ಅಪ್ಪಣೆ ಕೇಳಿ ಒಳಗೆ ಬಂದರು. ಅಟ್ಟಣೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು. ಬೈಯುತ್ತಾರೆ ಎಂದು ನಾವು ಗೋಡೆಗೆ ಅಂಟಿಕೊಂಡಿದ್ದೆವು. ಅವರು ಅಜ್ಜಿಯತ್ತ ತಿರುಗಿ, “ನೂರು ಮೊಟ್ಟೆ ಮೇಯಿಸಿದರೆ ಎಷ್ಟು ಹುಳು?” ಎಂದರು.

ಅಲ್ಲಿಂದ ಶುರುವಾದ ಪಾಠ ದೀಪ ಹಚ್ಚುವವರೆಗೆ ನಡೆಯಿತು. ನಮ್ಮಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗಳು, ಅದಕ್ಕೆ ನಾನೂರರಿಂದ ಐನೂರು ಮರಿ. ನೂರು ಮೊಟ್ಟೆಗೆ ನಲವತ್ತರಿಂದ ಐವತ್ತು ಸಾವಿರ. ದಿನಕ್ಕೆ ಎಷ್ಟು ಹೊರೆ ಸೊಪ್ಪು ತಂದೆವು ಎಂದು ಅಮ್ಮನನ್ನು ಕೇಳಿ, ತಟ್ಟೆಗೆ ಹಾಸಲು ಇಟ್ಟಿದ್ದ ಹಳೆಯ ಪತ್ರಿಕೆಯ ಅಂಚಿನಲ್ಲಿ ಸಾಲಾಗಿ ಬರೆದರು. “ಇದು ಸಮಾಂತರ ಶ್ರೇಢಿಯೇ? ಸಾಮಾನ್ಯ ವ್ಯತ್ಯಾಸ ಹುಡುಕಿ” ಎಂದರು. ವ್ಯತ್ಯಾಸ ದಿನದಿಂದ ದಿನಕ್ಕೆ ಏರುತ್ತಿತ್ತು, ಒಂದೇ ಆಗಿರಲಿಲ್ಲ. ಅಲ್ಲ ಎಂದು ಮೊದಲು ಹೇಳಿದವಳು ನಾನು. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಕೊನೆಯ ಏಳೆಂಟು ದಿನಗಳಲ್ಲೇ ಮುಗಿಯುತ್ತದೆ ಎಂಬುದು ಆ ಅಂಚಿನ ಲೆಕ್ಕದಿಂದಲೇ ನಮಗೆ ಸ್ಪಷ್ಟವಾಯಿತು. ಆಮೇಲೆ ಅಜ್ಜಿ ಟ್ರಂಕಿನಲ್ಲಿಟ್ಟಿದ್ದ ರೇಷ್ಮೆ ಗೂಡು ಮಾರಿದ ಚೀಟಿಗಳನ್ನು ತರಿಸಿ ಸರಾಸರಿ, ಮಧ್ಯಾಂಕ ಹೇಳಿಕೊಟ್ಟರು. ಆ ವರ್ಷ ಗೂಡಿನ ಬೆಲೆ ಕುಸಿದಿತ್ತು. ಸರಾಸರಿ ಎಷ್ಟು ಕೆಳಗಿಳಿದಿದೆ ಎಂದು ನಾನು ಲೆಕ್ಕ ಹಾಕಿ ಹೇಳಿದಾಗ ಅಜ್ಜಿ ನನ್ನನ್ನು ನೋಡಿದ ನೋಟದಲ್ಲಿ ಗೌರವವಿತ್ತು.

ಆಗಸ್ಟಿನಲ್ಲಿ, ಶಿಕ್ಷಕರೇ ಊರಿಗೆ ಬಂದು ಪಾಠ ಮಾಡುವ ಸರ್ಕಾರದ ‘ವಿದ್ಯಾಗಮ’ ಯೋಜನೆ ಬಂದಾಗ ನಮಗೆ ಅದು ಹೊಸದೆನಿಸಲಿಲ್ಲ. ಅರಳಿಕಟ್ಟೆಯ ಮೇಲೆ ಕೂರುವವರ ಸಂಖ್ಯೆ ಹೆಚ್ಚಿತು, ಅಷ್ಟೇ. ಅಕ್ಟೋಬರಿನಲ್ಲಿ ಅದು ನಿಂತಾಗ ಮತ್ತೆ ಫೋನು. 2021ರ ಜನವರಿ 1ರಂದು ಶಾಲೆಯ ಬಾಗಿಲು ತೆರೆಯಿತು, ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿತು. ಜುಲೈ 19 ಮತ್ತು 22ರಂದು ಪರೀಕ್ಷೆ. ಒಂದೇ ದಿನ ಮೂರು ವಿಷಯ, ಒಂದೊಂದಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆ. ಆ ವರ್ಷ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸಾದರು ನಿಜ. ಆದರೆ ಗಣಿತದಲ್ಲಿ ನನಗೆ ಬಂದ ಪೂರ್ಣ ಅಂಕವನ್ನು ಯಾರೂ ದಾನವಾಗಿ ಕೊಟ್ಟಿಲ್ಲ. ಈಗ ನಾನು ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಸೊಪ್ಪಿನ ಪ್ರಮಾಣದ ಲೆಕ್ಕ ಬಂದಾಗ ತರಗತಿಯಲ್ಲಿ ಮೊದಲು ಉತ್ತರ ಹೇಳುವವಳು ನಾನೇ, ಮತ್ತು ಅದು ಎಲ್ಲಿ ಕಲಿತದ್ದು ಎಂದು ಹೆಮ್ಮೆಯಿಂದ ಹೇಳುತ್ತೇನೆ.

ನನ್ನ ತಮ್ಮ ಈಗ ಹತ್ತರಲ್ಲಿದ್ದಾನೆ. ಅವನ ಕೈಯಲ್ಲಿ ಸ್ವಂತ ಫೋನಿದೆ, ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪಿದೆ. ಮನೆಗೆಲಸ ಪಿಡಿಎಫ್ ಆಗಿ ಬರುತ್ತದೆ, ಫೋಟೊ ಆಗಿ ಹೋಗುತ್ತದೆ, ನೋಡಿದ್ದಕ್ಕೆ ಹೆಬ್ಬೆರಳಿನ ಗುರುತು ಬೀಳುತ್ತದೆ. ಕಳೆದ ಬೆಳೆಯಲ್ಲಿ ಹುಳುವಿಗೆ ಸುಣ್ಣಕಟ್ಟು ರೋಗ ತಗುಲಿ ಇಡೀ ಮನೆ ಕುಸಿದು ಕುಳಿತಿದ್ದಾಗ, ಅವನೇಕೆ ಸುಮ್ಮನಾಗಿದ್ದಾನೆಂದು ಕೇಳುವವರು ಆ ಗುಂಪಿನಲ್ಲಿ ಇರಲಿಲ್ಲ. ಶಿಕ್ಷಕರನ್ನು ದೂರಲಾರೆ, ಅವರ ಮೇಲಿನ ಕಾಗದಪತ್ರದ ಹೊರೆ ಕಂಡಿದ್ದೇನೆ. ಆದರೂ ಬೇಸರವಾಗುತ್ತದೆ. ಏನೂ ಇಲ್ಲದಾಗ ಇದ್ದ ಒಡನಾಟ, ಎಲ್ಲವೂ ಇರುವಾಗ ಏಕಿಲ್ಲ?

ಮೇಷ್ಟ್ರ ಲೆಕ್ಕದ ಪುಸ್ತಕವನ್ನು ಅವರ ಪತ್ನಿ ನಮ್ಮ ಬ್ಯಾಚಿಗೆ ಒಪ್ಪಿಸಿದ್ದಾರೆ. ಅದನ್ನು ಶಾಲೆಯ ಗ್ರಂಥಾಲಯದಲ್ಲಿ ಬೀಗ ಹಾಕಿಡದೆ, ಹೊಸದಾಗಿ ಬರುವ ಶಿಕ್ಷಕರ ಕೈಗೆ ಮೊದಲ ದಿನವೇ ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇವೆ. ಊರಿನಲ್ಲಿರುವ ನಮ್ಮವರು ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಡೈರಿಯ ಜಗಲಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡಲು ಶುರು ಮಾಡಿದ್ದೇವೆ. ಹುಳು ಜ್ವರ ಎದ್ದ ಮನೆಯ ಮಕ್ಕಳು ಆ ವಾರ ಬರಬೇಕಾಗಿಲ್ಲ. ಅವರ ಮನೆಗೆ ನಾವೇ ಹೋಗುತ್ತೇವೆ.