ಸೌತಡ್ಕಕ್ಕೆ ಒಂದು ಗಂಟೆ

ಅಕ್ಕನ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಬೇಕಾದ್ದನ್ನು ಕೈ ಮಾಡಿ ತೋರಿಸುತ್ತಿದ್ದ, ಕೊಡದಿದ್ದರೆ ಅಳು. ಅಕ್ಕ ಅವನನ್ನು ಹಾಸನದಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಲು ಶುರು ಮಾಡಿದಳು. ಅಮ್ಮ ಬೇಡ ಅನ್ನಲಿಲ್ಲ. ಆದರೆ ಅದೇ ವಾರ ಹನ್ನೊಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದಿಟ್ಟು, ಸೌತಡ್ಕದ ಗಣಪನಿಗೆ ಒಂದು ಗಂಟೆ ಕಟ್ಟುತ್ತೇನೆ ಎಂದು ಹರಕೆ ಹೊತ್ತಳು.

ಗಂಟೆಯೇ ಯಾಕೆ? ಅಮ್ಮನ ಲೆಕ್ಕ ಸರಳ. ಗಂಟೆಯೊಳಗೆ ತೂಗಾಡುವ ತುಂಡಿಗೆ ನಾವು ನಾಲಿಗೆ ಅಂತಲೇ ಹೇಳುವುದು. "ನಾಲಿಗೆ ಇರೋದನ್ನ ಕೊಟ್ರೆ ಅವನು ನಾಲಿಗೆ ಕೊಡ್ತಾನೆ."

ಇನ್ನೊಂದು ವಾದವೂ ಅವಳ ಹತ್ತಿರ ಇತ್ತು. ಹುಡುಗ ಹುಟ್ಟಿದ್ದು ಕೊರೊನಾ ವರ್ಷ. 2020ರ ಜೂನ್ 8ಕ್ಕೆ ದೇವಸ್ಥಾನಗಳ ಬಾಗಿಲು ಮತ್ತೆ ತೆರೆದಾಗ ಅಮ್ಮ ಮಾಸ್ಕ್ ಹಾಕಿಕೊಂಡು ಓಡಿದ್ದಳು. ತೀರ್ಥವಿಲ್ಲ, ಪ್ರಸಾದವಿಲ್ಲ. ಗಂಟೆ ಮುಟ್ಟಬಾರದೆಂದು ಅದಕ್ಕೆ ಬಿಳಿ ಬಟ್ಟೆ ಸುತ್ತಿ ಹಗ್ಗ ಬಿಗಿದಿದ್ದರು. "ಬಾಯಿಗೆ ಬಟ್ಟೆ ತುರುಕಿದ ಹಾಗಿತ್ತು" ಎಂದು ಮನೆಗೆ ಬಂದು ಸುಮ್ನೆ ಕೂತಿದ್ದಳು. ದೇವರ ಗಂಟೆಯೇ ಮೂಕವಾದ ವರ್ಷ ಹುಟ್ಟಿದ ಮಗು ಇನ್ನೇನು ಮಾತಾಡುತ್ತೆ, ಅನ್ನುವುದು ಅವಳ ಮಾತು. ಅಕ್ಕನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ನಾನು ಇಬ್ಬರ ನಡುವೆ ಬಾಯಿ ಹಾಕಲಿಲ್ಲ.

ನಮ್ಮ ಮನೆಯ ಗಂಟೆ ಅಂಗೈಯಷ್ಟು ಎತ್ತರದ್ದು. ಹಿಡಿಯ ತುದಿಯಲ್ಲಿ ನಂದಿ ಇದ್ದಾನೆ. ವೈಷ್ಣವರ ಮನೆಗಳಲ್ಲಿ ಅದೇ ಜಾಗದಲ್ಲಿ ಗರುಡನೋ ಹನುಮಂತನೋ ಇರುತ್ತಾನೆ. ಪೂಜೆ ಶುರುವಾಗುವ ಮುಂಚೆ ಗಂಟೆಗೇ ಪೂಜೆ, ಒಂದು ಹೂವು, ಒಂದು ಮಂತ್ರ. ದೇವತೆಗಳು ಬರಲಿ, ರಾಕ್ಷಸರು ಹೋಗಲಿ, ಅದಕ್ಕಾಗಿ ಈ ಸದ್ದು ಅಂತ ಅದರ ಅರ್ಥ. ಒಂದೇ ಸದ್ದು ಕೇಳಿ ಒಬ್ಬರು ಬರಬೇಕು, ಇನ್ನೊಬ್ಬರು ಓಡಬೇಕು. ಚಿಕ್ಕವನಿದ್ದಾಗ ನನಗೆ ಇದು ಬಗೆಹರಿಯುತ್ತಲೇ ಇರಲಿಲ್ಲ, ಅವರಿಗೆ ಹೇಗೆ ಗೊತ್ತಾಗುತ್ತೆ ಯಾರನ್ನ ಕರೆದದ್ದು ಅಂತ?

ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ. ಎರಡೂ ಒಟ್ಟಿಗೆ ಆಡಿಸುವುದು ಸುಲಭವಲ್ಲ, ನೀವೇ ಮಾಡಿ ನೋಡಿ. ಮನೆಯಲ್ಲಿ ಅದು ಕೇಳದ ದಿನಗಳೆಂದರೆ ಸೂತಕದ ದಿನಗಳು. ಅಪ್ಪ ಹೋದಾಗ ಅಳುವಿನ ನಡುವೆಯೂ ನನಗೆ ಎದ್ದು ಕಂಡದ್ದು ಬೆಳಗಿನ ಆ ಸದ್ದು ಇಲ್ಲದ್ದು. ಪಕ್ಕದ ಮನೆಯ ಆಂಟಿಯಂತೂ ಅಮ್ಮನ ಮಂಗಳಾರತಿ ಕೇಳಿಯೇ ಮಕ್ಕಳನ್ನು ಸ್ಕೂಲಿಗೆ ಹೊರಡಿಸುತ್ತಿದ್ದವರು. ಆ ವಾರ ಅವರ ಮಕ್ಕಳು ಎರಡು ದಿನ ಲೇಟಾದರಂತೆ.

ಹಳೆಯ ಕಾಲದಲ್ಲಿ ಊರಿಗೆ ಊರೇ ಹೀಗೆ ಸದ್ದು ಕೇಳಿ ಹೊತ್ತು ತಿಳಿಯುತ್ತಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಲ್ಲಿ ತೇಲಿಬಿಡುವುದು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ, ಅಂದರೆ 24 ನಿಮಿಷ. ಆಗ ಬಡಿದು ತಿಳಿಸುವುದು. ಬಟ್ಟಲು ಹೋಯಿತು, ಗಡಿಯಾರ ಬಂತು. ದಿನದ 60 ಘಳಿಗೆ ಹೋಗಿ 24 ಗಂಟೆ ಆಯಿತು. ಬಡಿಯುವವರು ಇಲ್ಲದಿದ್ದರೂ ಮೊಬೈಲು ನೋಡಿ ನಾವು ಈಗಲೂ ಗಂಟೆ ಅಂತಲೇ ಹೇಳುತ್ತೇವೆ.

ಹುಡುಗನಿಗೆ ನಿಧಾನಕ್ಕೆ ಮಾತು ಬಂತು. ಸಂಸ್ಥೆಯಲ್ಲಿ ಹೇಳಿಕೊಟ್ಟದ್ದನ್ನು ಅಕ್ಕ ದಿನಾ ಮನೆಯಲ್ಲಿ ಮಾಡಿಸುತ್ತಿದ್ದಳು, ಒಂದು ದಿನವೂ ತಪ್ಪಿಸದೆ. ಅಮ್ಮ ಪೂಜೆ ಹೊತ್ತಿಗೆ ಅವನ ಕೈಗೆ ಗಂಟೆ ಕೊಟ್ಟು, "ಏನಂತು ಹೇಳು" ಎಂದು ಕಾಯುತ್ತಿದ್ದಳು. ಮೊದಲು ಬಂದದ್ದು "ಟಣ್". ಆಮೇಲೆ ಅಮ್ಮ, ಅಜ್ಜಿ. ಆದರೆ 'ಗ' ಮಾತ್ರ ಹೊರಡುತ್ತಿರಲಿಲ್ಲ. ಗಣಪ ದಣಪ, ಗಂಟೆ ದಂಟೆ. ನಮಗೇನೋ ಅಭ್ಯಾಸವಾಗಿತ್ತು. ಅಂಗಡಿಯವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅವನು ಹೇಳಿದ್ದನ್ನು ನಾವೇ ಬಿಡಿಸಿ ಹೇಳಬೇಕಿತ್ತು. ಕೆಲವರು ನಗುತ್ತಿದ್ದರು. ಅವನು ನಮ್ಮ ಹಿಂದೆ ಹೋಗಿ ನಿಲ್ಲುತ್ತಿದ್ದ.

ಐದು ತುಂಬಿದ ಮೇಲೆ, ಇನ್ನು ಹರಕೆ ಬಾಕಿ ಇಡಬಾರದು ಎಂದು ಅಮ್ಮ ಹಟ ಹಿಡಿದಳು. ಪಾತ್ರೆ ಅಂಗಡಿಗೆ ಅವಳ ಜೊತೆ ನಾನೇ ಹೋದೆ. ನಾನು ಹೊಳೆಯುವ ಹಿತ್ತಾಳೆಯದ್ದನ್ನು ಎತ್ತಿಕೊಂಡೆ. ಅಮ್ಮ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಬಾರಿಸಿ ನೋಡಿದಳು. ಹಿತ್ತಾಳೆ ಬೇಗ ಸುಮ್ಮನಾಯಿತು. ಕಂಚು ಹಾಗಲ್ಲ. ತಾಮ್ರಕ್ಕೆ ತವರ ಸೇರಿದ ಲೋಹ ಅದು, ಗಟ್ಟಿ, ಕೈಜಾರಿ ಬಿದ್ದರೆ ಬಿರುಕು ಬಿಡುತ್ತದೆ. ಆದರೆ ಒಂದು ಸಲ ಹೊಡೆದರೆ ಸದ್ದು ಎಷ್ಟೋ ಹೊತ್ತು ನಿಲ್ಲುತ್ತದೆ. ಒಳ್ಳೆಯ ದನಿಗೆ ಕಂಚಿನ ಕಂಠ ಅನ್ನುವುದು ಸುಮ್ಮನೆ ಅಲ್ಲ. ಬೆಲೆ ಜಾಸ್ತಿಯೇ ಆಯಿತು. ಅಮ್ಮ ಚೌಕಾಸಿ ಮಾಡಲಿಲ್ಲ, ನಾನು ಕಂಡ ಹಾಗೆ ಅದೇ ಮೊದಲು.

ಶಿರಾಡಿ ಘಾಟಿ ಇಳಿದು ಕೊಕ್ಕಡದ ದಾರಿ ಹಿಡಿದೆವು. ಧರ್ಮಸ್ಥಳದಿಂದ ಬರುವವರಿಗೆ ಸುಮಾರು 16 ಕಿಲೋಮೀಟರ್. ಸೌತಡ್ಕದ ಗಣಪನಿಗೆ ಗರ್ಭಗುಡಿ ಇಲ್ಲ, ಗೋಪುರವಿಲ್ಲ. ಬಿಸಿಲು, ಮಳೆ ಎಲ್ಲ ಅವನ ಮೈಮೇಲೆ. ದನ ಕಾಯುವ ಹುಡುಗರಿಗೆ ಮೂರ್ತಿ ಸಿಕ್ಕಿತಂತೆ. ಮರದಡಿ ಕೂರಿಸಿ, ಅಲ್ಲೇ ಬೆಳೆಯುತ್ತಿದ್ದ ಸೌತೆಕಾಯಿಯನ್ನೇ ನೈವೇದ್ಯ ಮಾಡಿದರಂತೆ. ಅಡ್ಕ ಅಂದರೆ ಬಯಲು. ಸೌತೆಯ ಅಡ್ಕ, ಸೌತಡ್ಕ. ಬಾಗಿಲೇ ಇಲ್ಲದ ದೇವರು, ಯಾವಾಗ ಹೋದರೂ ದರ್ಶನ. ಬಂದೆ ಅಂತ ಗಂಟೆ ಹೊಡೆದು ತಿಳಿಸಬೇಕಾದ ಬಾಗಿಲಿಲ್ಲದ ಜಾಗದಲ್ಲೇ ಇಷ್ಟೊಂದು ಗಂಟೆಗಳಿರುವುದು ತಮಾಷೆ ಅಲ್ವಾ?

ನಿಜಕ್ಕೂ ಲೆಕ್ಕವಿಲ್ಲದಷ್ಟು. ಸಾಲು ಸಾಲಾಗಿ, ಒಂದರ ಮೇಲೊಂದು, ಬೆರಳಷ್ಟರಿಂದ ಬಿಂದಿಗೆಯಷ್ಟರವರೆಗೆ. ಕೆಲವು ಹಸಿರುಗಟ್ಟಿದ್ದವು, ಕೆಲವು ನಿನ್ನೆ ಕಟ್ಟಿದಂತೆ ಇದ್ದವು. ಕೆಲಸಕ್ಕೆ, ಮದುವೆಗೆ, ಮಗುವಿಗೆ, ಕೋರ್ಟು ಕೇಸಿಗೆ, ಯಾವುದು ಯಾವುದಕ್ಕೋ. ಆ ಸೀಮೆಯಲ್ಲಿ ಗಂಟೆಯ ಗೌರವವೇ ಬೇರೆ. ಭೂತಾರಾಧನೆಯ ಕೋಲದಲ್ಲಿ ದೈವದ ಕೈಯಲ್ಲೂ ಒಂದು ಗಂಟೆ ಇರುತ್ತದೆ, ತುಳುವಿನಲ್ಲಿ ಅದಕ್ಕೆ ಮಣಿ ಅನ್ನುತ್ತಾರೆ. ಕಾಲಿಗೆ ಗಗ್ಗರ. ಗಗ್ಗರದ ಸದ್ದು ಎದ್ದರೆ ನೆರೆದವರ ಮಾತು ನಿಲ್ಲುತ್ತದೆ.

ಅವಲಕ್ಕಿ ಪಂಚಕಜ್ಜಾಯದ ಸೇವೆ ಮುಗಿಸಿ ನಮ್ಮ ಗಂಟೆ ಕಟ್ಟಿದೆವು. ಕಟ್ಟಿದ್ದು ಹುಡುಗ, ನಾನು ಎತ್ತಿ ಹಿಡಿದಿದ್ದೆ. ಕೆಳಗಿಳಿಸಿ ತಿರುಗಿ ನೋಡುವಷ್ಟರಲ್ಲಿ ನಮ್ಮದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಅಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಅಕ್ಕನೂ. ಮೈಸೂರಿನ ಓಡಾಟವೆಲ್ಲ ಅವಳ ಮುಖದ ಮೇಲೆ ಬಂದಿತ್ತು.

ಹುಡುಗ ಎಣಿಸಲು ಶುರು ಮಾಡಿದ. ಅವನಿಗೆ ಇಪ್ಪತ್ತರವರೆಗೆ ಬರುತ್ತದೆ. ಇಪ್ಪತ್ತಾಯಿತು, ಮತ್ತೆ ಒಂದರಿಂದ ಹಿಡಿದ, ಮತ್ತೆ ಇಪ್ಪತ್ತಾಯಿತು. ಸೋತು ಅಜ್ಜಿಯ ಸೆರಗು ಜಗ್ಗಿದ.

"ಅಜ್ಜೀ, ಎಷ್ಟು ಗಂಟೆ?"

ಅಮ್ಮ ಕಣ್ಣು ತೆರೆಯಲಿಲ್ಲ. ಹಣ್ಣುಕಾಯಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಯಾರೋ ಯಜಮಾನರು ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿಕೊಂಡು ವಾಚು ನೋಡಿದರು.

"ಹನ್ನೊಂದೂವರೆ, ಮಗಾ" ಅಂದರು.